‘ಲೆಫ್ಟ್’ ಅಂದರೆ ಎಡ ಅಲ್ವಾ ಟೀಚರ್?

ಮಾನ್ಯ ಸಂಪಾದಕರೇ,

ಮುಂಬಯಿಯಲ್ಲಿ ಈಗ ಯಾವ ಶಾಲೆಯ ಪಾಲಕರ ಸಭೆಗೆ ಹೋದರೂ ‘ಅಡಾಪ್ಟಿವ್ ಲರ್ನಿಂಗ್’ ಎಂಬ ಮಾತು ಕಿವಿಗೆ ಬೀಳುತ್ತದೆ. ಮಗುವಿನ ಮಟ್ಟ ನೋಡಿ ಪಾಠ ಕೊಡುವ ಆ್ಯಪ್ ಅಂತೆ. ನಾನು ಇಪ್ಪತ್ತಾರು ವರ್ಷ ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸಿದವಳು. ನಿವೃತ್ತಿಯಾದ ಮೇಲೂ ಸಂಜೆ ಐದಾರು ಮಕ್ಕಳು ಮನೆಗೆ ಬಂದು ಕೂರುತ್ತಾರೆ. ಅಲ್ಲಿ ಕಂಡದ್ದನ್ನು ಬರೆಯದೆ ಇರಲಾಗಲಿಲ್ಲ.

ಅವರಲ್ಲೊಬ್ಬ ಆರನೇ ಕ್ಲಾಸಿನ ಹುಡುಗ. ನಾಲ್ಕನೆಯವರೆಗೆ ಕನ್ನಡ ಶಾಲೆ, ಆಮೇಲೆ ಇಂಗ್ಲಿಷ್ ಮಾಧ್ಯಮ. ಕಳೆದ ತಿಂಗಳು ಶಾಲೆಯವರು ಹೇಳಿದ ಆ್ಯಪನ್ನು ಅಪ್ಪನ ಫೋನಿನಲ್ಲಿ ತೆರೆದು ಕೂತಿದ್ದ. ಬುಟ್ಟಿಯಲ್ಲಿ 52 ಮಾವಿನಹಣ್ಣು ಇದ್ದವು, 37 ಮಾರಿದರು, ‘ಹೌ ಮೆನಿ ಆರ್ ಲೆಫ್ಟ್?’ ಹುಡುಗ ಚಿತ್ರದಲ್ಲಿ ಬುಟ್ಟಿಯ ಎಡಗಡೆ ಇದ್ದ ಹಣ್ಣುಗಳನ್ನು ಬೆರಳಿಟ್ಟು ಎಣಿಸಿದ. ನಾಲ್ಕು ಎಂದು ಒತ್ತಿದ. ತಪ್ಪು. ಆ್ಯಪ್ ಇನ್ನೂ ಸುಲಭದ ಲೆಕ್ಕ ಕೊಟ್ಟಿತು. ಅದರಲ್ಲೂ ‘ಲೆಫ್ಟ್’. ಮತ್ತೆ ತಪ್ಪು. ಹತ್ತು ನಿಮಿಷದೊಳಗೆ ಇವನನ್ನು ಬಲೂನು ಎಣಿಸುವ ಪಾಠಕ್ಕೆ ಇಳಿಸಿಬಿಟ್ಟಿತು. ಪಕ್ಕದಲ್ಲಿದ್ದ ಎರಡನೇ ಕ್ಲಾಸಿನ ತಂಗಿ ‘ಇದು ನನ್ನ ಪಾಠ’ ಎಂದಳು. ಹುಡುಗ ಫೋನನ್ನು ಮಗುಚಿ ಇಟ್ಟ.

‘ಲೆಫ್ಟ್ ಅಂದರೆ ಎಡ ಅಲ್ವಾ ಟೀಚರ್?’ ಎಂದು ಕೇಳಿದ. ನಾನು ಅದೇ ಲೆಕ್ಕವನ್ನು ‘ಎಷ್ಟು ಉಳಿಯಿತು?’ ಎಂದು ಕನ್ನಡದಲ್ಲಿ ಕೇಳಿದೆ. ಕಾಗದ ಕೂಡ ಮುಟ್ಟದೆ ಹದಿನೈದು ಎಂದ. ಮರುದಿನ ಅವನ ಅಪ್ಪ ಬಂದರು. ಹೋಟೆಲಿನಲ್ಲಿ ಕೆಲಸ ಮಾಡುವವರು. ಮಗ ಕಳೆಯುವ ಲೆಕ್ಕದಲ್ಲಿ ಹಿಂದಿದ್ದಾನೆ ಎಂದು ಆ್ಯಪಿನ ರಿಪೋರ್ಟ್ ಬಂದಿತ್ತು. ಟ್ಯೂಷನ್ನಿಗೆ ಹಾಕಬೇಕಾ ಎಂದು ಕೇಳುವಾಗ ಅವರ ಮುಖ ನೋಡಲಾಗಲಿಲ್ಲ.

ಆದರೂ ಇಂಥ ಸಾಫ್ಟ್‌ವೇರ್ ಬೇಡ ಅನ್ನುವವಳಲ್ಲ ನಾನು. ಚೆನ್ನಾಗಿ ಮಾಡಿದ್ದಾದರೆ ಅದು ಉತ್ತರ ಸರಿಯೋ ತಪ್ಪೋ ಎಂದಷ್ಟೇ ನೋಡುವುದಿಲ್ಲ, ಎಂಥ ತಪ್ಪು ಎಂದೂ ನೋಡುತ್ತದೆ. 52ರಲ್ಲಿ 37 ಕಳೆದು ಮಗು 25 ಬರೆದರೆ, ಅದು 7ರಲ್ಲಿ 2 ಕಳೆದಿದೆ, ಹತ್ತರ ಸ್ಥಾನದಿಂದ ಸಾಲ ತಗೊಂಡಿಲ್ಲ ಎಂದು ಗೊತ್ತಾಗುತ್ತದೆ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬೊಬ್ಬರ ಪಾಟಿಯನ್ನು ಹೀಗೆ ನೋಡಲು ನನಗೆ ಯಾವತ್ತೂ ಸಮಯ ಸಿಗಲಿಲ್ಲ. ಆ ಕೊರಗು ಇವತ್ತಿಗೂ ಇದೆ.

ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ಸಾಫ್ಟ್‌ವೇರನ್ನು ಪರೀಕ್ಷೆ ಮಾಡಿ ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಗಿದೆ. ಚೀಟಿ ಎತ್ತಿ ಆರಿಸಿ ಅದರಲ್ಲಿ ಕಲಿಯಲು ಬಿಟ್ಟ ಮಕ್ಕಳು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಉಳಿದವರಿಗಿಂತ ಚೆನ್ನಾಗಿ ಮುಂದೆ ಹೋದರು. ಆರನೇ ಕ್ಲಾಸಿಗೆ ಬರುವಾಗ ಆ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು! ನನ್ನ ಗಮನ ಸೆಳೆದದ್ದು ಬೇರೆ ಎರಡು ಸಂಗತಿ. ಒಂದು, ಆ ಸಾಫ್ಟ್‌ವೇರ್ ಹಿಂದಿಯಲ್ಲೂ ಇತ್ತು. ಇನ್ನೊಂದು, ದಿನದ 90 ನಿಮಿಷದಲ್ಲಿ 45 ನಿಮಿಷ ಮಾತ್ರ ಕಂಪ್ಯೂಟರ್ ಮುಂದೆ. ಉಳಿದ 45 ನಿಮಿಷ ಚಿಕ್ಕ ಗುಂಪಿನಲ್ಲಿ ಕಲಿಸುವ ಮನುಷ್ಯರ ಜೊತೆ. ಆ್ಯಪ್ ಮಾರಲು ಬರುವವರು ಈ ಎರಡನ್ನೂ ಹೇಳಿದ್ದು ನಾನಂತೂ ಕೇಳಿಲ್ಲ.

ಯಾವ ತರಗತಿ ಎಂದು ನೋಡದೆ ಮಗುವಿನ ಮಟ್ಟ ನೋಡಿ ಕಲಿಸುವುದು ಈ ಊರಿಗೆ ಹೊಸದಲ್ಲ. ಆ ದಾರಿಯಲ್ಲಿ ದೇಶಕ್ಕೆಲ್ಲ ಹೆಸರಾದ ಪ್ರಥಮ್ ಸಂಸ್ಥೆ 1990ರ ದಶಕದಲ್ಲಿ ಹುಟ್ಟಿದ್ದೇ ಮುಂಬಯಿಯಲ್ಲಿ. ಕನ್ನಡದ ಸಾಮಗ್ರಿ ಇಲ್ಲ ಎಂಬ ನೆಪವೂ ನಡೆಯದು. ಮಹಾನಗರಪಾಲಿಕೆಯ ಶಾಲೆಗಳ ಎಂಟು ಭಾಷೆಗಳಲ್ಲಿ ಕನ್ನಡವೂ ಒಂದು. ರಾಜ್ಯದ ಪಠ್ಯಪುಸ್ತಕ ಮಂಡಳಿಯಾದ ಪುಣೆಯ ಬಾಲಭಾರತಿ ಕನ್ನಡದಲ್ಲಿ ಗಣಿತ ಪುಸ್ತಕ ಅಚ್ಚು ಹಾಕುತ್ತದೆ. ಲೆಕ್ಕಗಳು ಅಲ್ಲೇ ಇವೆ.

ಹಾಗಾಗಿ ಶಾಲೆಯ ಆಡಳಿತ ಮಂಡಳಿಗಳಿಗೆ, ನಮ್ಮ ಕನ್ನಡ ಸಂಘಗಳಿಗೆ ನನ್ನದು ಮೂರು ಬೇಡಿಕೆ. ದುಡ್ಡು ಕೊಡುವ ಮೊದಲು ಹತ್ತು ಮಕ್ಕಳನ್ನು ಕೂರಿಸಿ, ಅದೇ ಲೆಕ್ಕಗಳನ್ನು ಆ್ಯಪಿನಲ್ಲೊಮ್ಮೆ, ಮನೆಮಾತಿನಲ್ಲಿ ಬಾಯಿಂದಲೊಮ್ಮೆ ಕೇಳಿ ನೋಡಿ. ಎರಡರ ಅಂಕ ದೂರದೂರ ಇದ್ದರೆ ಆ ಆ್ಯಪ್ ನಮ್ಮ ಮಕ್ಕಳ ಗಣಿತ ಅಳೆಯುತ್ತಿಲ್ಲ. ಕಂಪನಿಯವರಿಗೆ ಕನ್ನಡ ಹಾಕಿಕೊಡಿ ಎಂದು ಹೇಳಿ. ಮತ್ತೆ, ರಿಪೋರ್ಟ್ ಮೊದಲು ಟೀಚರ್ ಕೈಗೆ ಬರಲಿ, ಆಮೇಲೆ ಮನೆಗೆ ಹೋಗಲಿ.

ಪ್ರಶ್ನೆಗಳನ್ನು ಕನ್ನಡಕ್ಕೆ ತರಲು ಯಾರಾದರೂ ಮುಂದೆ ಬಂದರೆ ನಾನು ಕೂತು ಮಾಡಿಕೊಡುತ್ತೇನೆ. ನನ್ನ ಜೊತೆ ಕೆಲಸ ಮಾಡಿದ ಇನ್ನಿಬ್ಬರು ಟೀಚರುಗಳೂ ತಯಾರಿದ್ದಾರೆ. ಭಾನುವಾರ ಪೂರ್ತಿ ಬಿಡುವಾಗಿರುತ್ತೇವೆ.

— ನಿವೃತ್ತ ಗಣಿತ ಶಿಕ್ಷಕಿ, ಘಾಟ್ಕೋಪರ್, ಮುಂಬಯಿ