ಯಾರ್ಕ್‌ನ ಜಾನ್ ಕಾರ್ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಹಳೇ ಕಟ್ಟಡಗಳ ಬಗ್ಗೆ ನಮ್ಮಲ್ಲಿ ಬರೆಯುವವರು ಲಂಡನ್ ದಾಟುವುದು ಕಡಿಮೆ. ಯಾರ್ಕ್‌ಗೆ ಹೋದವರೂ ದೊಡ್ಡ ಚರ್ಚ್ ನೋಡಿಕೊಂಡು ಸುಮ್ನೆ ವಾಪಸ್ ಬರುತ್ತಾರೆ. ಅಲ್ಲಿನ ಹಳೇ ಕೋಟೆಯ ಅಂಗಳದಲ್ಲಿ 1773ರಿಂದ 1777ರವರೆಗೆ ಕಟ್ಟಿದ ಕೋರ್ಟು ಇದೆ. ಉದ್ದಕ್ಕೆ ಹರಡಿಕೊಂಡ ಕಲ್ಲಿನ ಕಟ್ಟಡ, ಮುಂದೆ ಅಯೋನಿಕ್ ಶೈಲಿಯ, ಅಂದರೆ ತಲೆಯಲ್ಲಿ ಸುರುಳಿ ಕೆತ್ತನೆಯಿರುವ ಗ್ರೀಕ್ ಮಾದರಿಯ ಕಂಬಗಳು, ಒಳಗೆ ಗುಮ್ಮಟವಿರುವ ಕೋರ್ಟ್ ಹಾಲ್‌ಗಳು, ಎಲ್ಲೂ ಅಬ್ಬರವಿಲ್ಲ, ಅದರಲ್ಲಿ ಇವತ್ತಿಗೂ ವಿಚಾರಣೆ ನಡೆಯುತ್ತದೆ ಅನ್ನೋದೇ ನನಗೆ ಜಾಸ್ತಿ ಖುಷಿ.

ಕಟ್ಟಿಸಿದ ವಾಸ್ತುಶಿಲ್ಪಿ ಜಾನ್ ಕಾರ್, 1723ರಲ್ಲಿ ಹಾರ್ಬರಿ ಎಂಬ ಸಣ್ಣ ಊರಲ್ಲಿ ಹುಟ್ಟಿದವನು, ಕಲ್ಲುಕುಟಿಗನ ಮಗ. ಅಪ್ಪನ ಕೈಕೆಳಗೇ ಕೆಲಸ ಕಲಿತ. ಲಂಡನ್‌ಗೆ ಹೋಗಿ ನೆಲೆಸಲಿಲ್ಲ. ಎರಡು ಸಲ ಯಾರ್ಕ್‌ನ ಮೇಯರ್ ಆದ. ಇಂಗ್ಲೆಂಡಿನದೇ ಇನ್ನೊಂದು ಊರಾದ ಬಕ್ಸ್‌ಟನ್‌ನ ಅರ್ಧಚಂದ್ರಾಕಾರದ ಕಟ್ಟಡವೂ ಅವನದೇ. ಕೊನೆಗೆ ಹುಟ್ಟೂರಿಗೆ ಸ್ವಂತ ದುಡ್ಡಲ್ಲಿ ಚರ್ಚ್ ಕಟ್ಟಿಸಿಕೊಟ್ಟ, ಅಲ್ಲೇ ಅವನ ಸಮಾಧಿಯೂ ಇದೆ. ಇಂಥವನು ರಾಜಧಾನಿಯವನಲ್ಲ ಅಂತ ಬಿಟ್ಟುಬಿಡೋದು ಸರಿಯಲ್ಲ, ಅಲ್ವಾ? ನಿಮ್ಮ ಪ್ರವಾಸ ಪುಟದಲ್ಲಿ ಕಟ್ಟಡದ ಫೋಟೋ ಜೊತೆ ಕಟ್ಟಿದವರ ಹೆಸರನ್ನೂ ದಯವಿಟ್ಟು ಹಾಕಿ.

– ಒಬ್ಬ ಓದುಗ, ಮೈಸೂರು