ಕೂಲೆಂಟ್ ಬದಲಿಸಿದ ಮೇಲೆ ಐಡ್ಲಿಂಗ್ ತಪ್ಪಿದ ಕಾರಿನ ಕುರಿತು ಸೋದರಳಿಯನಿಗೆ

ವಿರಾಜಪೇಟೆ

ಚಿರಂಜೀವಿ ಸೋದರಳಿಯನಿಗೆ ಮಾವನ ಆಶೀರ್ವಾದಗಳು.

ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಬದಲಿಸಿದಂದಿನಿಂದ ನಿನ್ನ ಕಾರಿನ ಐಡ್ಲಿಂಗ್, ಅಂದರೆ ನಿಂತಲ್ಲೇ ಓಡುವ ಎಂಜಿನ್ನಿನ ವೇಗ, ಒಮ್ಮೆ ನಿಮಿಷಕ್ಕೆ 1,500 ಸುತ್ತಿಗೆ (ಆರ್‌ಪಿಎಂ) ಏರಿ, ಮರುಗಳಿಗೆ 600ಕ್ಕೆ ಕುಸಿದು ಎಂಜಿನ್ ನಿಂತೇ ಹೋಗುವಂತಾಗುತ್ತಿದೆ ಎಂದೂ, ಸ್ಪಾರ್ಕ್ ಪ್ಲಗ್, ಇಂಜೆಕ್ಟರ್, ಪೆಟ್ರೋಲ್ ಪಂಪ್ ಎಲ್ಲವನ್ನೂ ಬದಲಿಸಲು ಯಾರೋ ಸಲಹೆ ಕೊಟ್ಟಿದ್ದಾರೆ ಎಂದೂ ಬರೆದಿದ್ದೀಯೆ. ದಯವಿಟ್ಟು ಒಂದು ಬಿಡಿಭಾಗವನ್ನೂ ಈಗಲೇ ಕೊಳ್ಳಬೇಡ. ಆ ಕೆಲಸಕ್ಕೆ ಮೊದಲು ಸರಿಯಾಗಿದ್ದ ಎಂಜಿನ್ ಆ ಕೆಲಸ ಮುಗಿದೊಡನೆ ಹದ ತಪ್ಪಿದ್ದರೆ, ಕಾರಣವನ್ನು ಮೊದಲು ಆ ಕೆಲಸದಲ್ಲಿಯೇ ಹುಡುಕಬೇಕು.

ಕಾರಣದ ಸುಳಿವು ನಿನ್ನ ಪತ್ರದಲ್ಲಿಯೇ ಇದೆ. ಹೊರಗೆ ಬಂದ ಹಳೆಯ ಕೂಲೆಂಟ್ 4.5 ಲೀಟರ್, ಒಳಗೆ ಹಿಡಿದದ್ದು 3.5 ಲೀಟರ್ ಎಂದಿದ್ದೀಯೆ. ಉಳಿದ 1 ಲೀಟರಿನ ಜಾಗದಲ್ಲಿ ಗಾಳಿ ಕುಳಿತಿದೆ. ಎಂಜಿನ್ನಿನ ಬಿಸಿಯನ್ನು ಅಳೆಯುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರಬೇಕು. ಅದರ ಸುತ್ತ ಗಾಳಿ ನಿಂತರೆ ಎಂಜಿನ್ ಎಷ್ಟೇ ಕಾದಿದ್ದರೂ ಅದು ತಣ್ಣಗಿದೆ ಎಂದೇ ತಿಳಿಸುತ್ತದೆ. ಆ ಮಾತನ್ನು ನಂಬಿದ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಪೆಟ್ರೋಲನ್ನೂ ಆರ್‌ಪಿಎಂ ಅನ್ನೂ ಏರಿಸುತ್ತದೆ. ಅಷ್ಟರಲ್ಲಿ ಬಿಸಿ ಕೂಲೆಂಟಿನ ಅಲೆಯೊಂದು ಸೆನ್ಸರಿಗೆ ತಾಗಿದರೆ ಲೆಕ್ಕ ತಟ್ಟನೆ ಬದಲಾಗಿ ಆರ್‌ಪಿಎಂ ಕುಸಿಯುತ್ತದೆ. ಕೆಲವು ಕಾರುಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯ ಮೂಲಕವೂ ಕೂಲೆಂಟ್ ಹರಿಯುವುದರಿಂದ ಅಲ್ಲಿ ಗಾಳಿ ಸಿಕ್ಕಿಕೊಂಡರೂ ಐಡ್ಲಿಂಗ್ ಕೆಡಬಹುದು. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಬರುತ್ತದೆಯೇ, ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತದೆಯೇ, ಬಿಸಿಯ ಮುಳ್ಳು ಏರಿಳಿಯುತ್ತದೆಯೇ ಎಂದು ನೋಡು. ಈ ಮೂರೂ ಇದ್ದರೆ ಏರ್ ಲಾಕ್ (ಕೂಲೆಂಟಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಳ್ಳುವುದು) ಆಗಿರುವುದು ಬಹುಮಟ್ಟಿಗೆ ಖಚಿತ.

ಗಾಳಿ ಬಿಡಿಸುವುದನ್ನು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಆರಂಭಿಸು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಬಟ್ಟೆ ಹಿಡಿದು ಕೂಡ ತೆರೆಯಬೇಡ. ಒಳಗಿನ ಒತ್ತಡಕ್ಕೆ ಚಿಮ್ಮುವ ಕೂಲೆಂಟ್ ಮುಖ ಸುಟ್ಟುಬಿಡುತ್ತದೆ. ಗಾಳಿ ಮೇಲಕ್ಕೇ ಏರುವುದರಿಂದ, ಗೇಟಿನಿಂದ ಕಣಕ್ಕೆ ಏರುವ ನಿಮ್ಮ ರಸ್ತೆಯಲ್ಲಿ ಕಾರಿನ ಮೂತಿ ಮೇಲಕ್ಕಿರುವಂತೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡು. ಎಸಿ ಬೇಡ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರನ್ನು ಕಡಿಮೆಯಲ್ಲಿಡು. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬರುವವರೆಗೆ ನಿಧಾನವಾಗಿ ಕೂಲೆಂಟ್ ಸುರಿದು ಬಿಗಿ ಮಾಡು. ಆಮೇಲೆ ಮುಚ್ಚಳ ತೆರೆದೇ ಸ್ಟಾರ್ಟ್ ಮಾಡಿ, ಮೇಲಿನ ದಪ್ಪ ಹೋಸನ್ನು ಕೈಗವಸು ಹಾಕಿಕೊಂಡು ಹಿಸುಕಿ ಹಿಸುಕಿ ಬಿಡು. ಬಾಯಿಯಲ್ಲಿ ಗುಳ್ಳೆಗಳು ಬುಳಬುಳನೆ ಒಡೆದು ಮಟ್ಟ ಇಳಿಯುತ್ತದೆ. ಇಳಿದಷ್ಟನ್ನು ತುಂಬುತ್ತಾ ಹೋಗು. ಎಂಜಿನ್ ಕಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ತೆರೆದುಕೊಂಡಾಗ ಮೇಲಿನ ಹೋಸ್ ಒಮ್ಮೆಲೇ ಬಿಸಿಯಾಗಿ, ಮಟ್ಟ ಇನ್ನೊಮ್ಮೆ ಗಣನೀಯವಾಗಿ ಇಳಿಯಬಹುದು. ಬಹಳ ಮಂದಿ ಅದಕ್ಕೂ ಮೊದಲೇ ಮುಚ್ಚಳ ಹಾಕಿ ಎದ್ದುಬಿಡುತ್ತಾರೆ, ಗಾಳಿ ಉಳಿಯುವುದು ಹಾಗೆಯೇ. ಮಟ್ಟ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಲಿ.

ತುಂಬಲು ತೋಡಿನ ನೀರನ್ನಾಗಲಿ ಬಾವಿಯ ನೀರನ್ನಾಗಲಿ ಬಳಸಬೇಡ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಮುಚ್ಚಳ ತೆರೆದಿದ್ದರೆ ಬರೀ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಫ್ಯಾನ್ ತಿರುಗುವುದೂ ಹೆಚ್ಚುಕಡಿಮೆ ಅದೇ ಬಿಸಿಗೆ. ಡಿಸ್ಟಿಲ್ಡ್ ವಾಟರ್ ಮತ್ತು ನೀರು ಬೆರೆಸದ ಕೂಲೆಂಟ್ ಅರ್ಧರ್ಧ ಬೆರೆತಿರಲಿ. ಹೊರಗೆ ಚೆಲ್ಲಿದ್ದನ್ನು ತಕ್ಷಣ ತೊಳೆದುಬಿಡು, ಹಳೆಯದನ್ನು ಕ್ಯಾನಿನಲ್ಲಿ ಮುಚ್ಚಿಡು. ಅದು ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯಬಹುದು. ನಿಮ್ಮ ಅಂಗಳದಲ್ಲಿ ಎಷ್ಟು ನಾಯಿಗಳಿವೆ ಎಂಬುದನ್ನು ಬಲ್ಲೆನಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಗಾಳಿ ಹೋದ ಮೇಲೂ ಐಡ್ಲಿಂಗ್ ತಪ್ಪಿದರೆ, ಕೆಲಸದ ವೇಳೆ ಕೈ ತಾಗಿದ ಜಾಗಗಳನ್ನು ನೋಡು. ಬಿಸಿಯ ಸೆನ್ಸರಿನ ಸಾಕೆಟ್ ಅರ್ಧ ಕಳಚಿರಬಹುದು, ಅದರೊಳಗೆ ಕೂಲೆಂಟ್ ಇಳಿದಿರಬಹುದು, ಸಣ್ಣ ವ್ಯಾಕ್ಯೂಮ್ ಪೈಪೊಂದು ಜಾರಿರಬಹುದು. ಒಂದು ಮೊಳದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಬೆಲ್ಟು ಮತ್ತು ಫ್ಯಾನಿನಿಂದ ದೂರವಿದ್ದು, ಇನ್ನೊಂದು ತುದಿಯನ್ನು ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಾದ ಇನ್‌ಟೇಕಿನ ಉದ್ದಕ್ಕೂ ಆಡಿಸಿದರೆ, ಸೋರುವಲ್ಲಿ ಬುಸ್ ಎನ್ನುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಬ್ಯಾಟರಿ ಕಳಚಿದ್ದರೆ ಇಸಿಯು ತನ್ನ ಐಡ್ಲಿಂಗ್ ಲೆಕ್ಕವನ್ನು ಮರೆತಿರುತ್ತದೆ, ಸ್ವಲ್ಪ ಓಡಿಸಿದ ಮೇಲೆ ಸಾಮಾನ್ಯವಾಗಿ ತಾನೇ ಸರಿಯಾಗುತ್ತದೆ.

ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟವನ್ನು ಮತ್ತೆ ನೋಡಿ ತುಂಬು. ಮೊದಲ ಒಂದೆರಡು ದಿನ ಸ್ವಲ್ಪ ಇಳಿಯುವುದು ಸಹಜ. ಆದರೆ ಹೊರಗೆಲ್ಲೂ ಸೋರದೆ ದಿನವೂ ಇಳಿಯುತ್ತಿದ್ದರೆ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಅದು ಎಂಜಿನ್ನಿನ ತಲೆಭಾಗದ ಸೀಲ್ ಆದ ಹೆಡ್ ಗ್ಯಾಸ್ಕೆಟ್ಟಿನ ದೋಷವಿರಬಹುದು. ಮತ್ತೆ ಸ್ಟಾರ್ಟ್ ಮಾಡದೆ ನುರಿತ ಮೆಕ್ಯಾನಿಕ್‌ನನ್ನು ಮನೆಗೇ ಕರೆಸು. ಇದೆಲ್ಲ ಸರಿಹೋಗುವವರೆಗೆ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋಗುವ ಯೋಚನೆ ಬೇಡ, ತಿರುವಿನಲ್ಲಿ ಎಂಜಿನ್ ನಿಂತರೆ ಬ್ರೇಕೂ ಸ್ಟಿಯರಿಂಗೂ ಗಟ್ಟಿಯಾಗುತ್ತವೆ. ಅಷ್ಟು ತುರ್ತಿದ್ದರೆ ಬಸ್ಸಿನಲ್ಲಿ ಹೋಗು. ಮೂರನೆಯ ಬೆಳಿಗ್ಗೆ ಮಟ್ಟ ಎಲ್ಲಿ ನಿಂತಿದೆ ಎಂದು ನೋಡಿ ನನಗೆ ಫೋನ್ ಮಾಡು.

ಇಂತಿ,
ನಿನ್ನ ಮಾವ