ಮಗಳಿಗೊಂದು ಪತ್ರ: ಹುಳಿ ಹಿಂಡಿ ಗೆದ್ದ ಚುನಾವಣೆ

ಪ್ರೀತಿಯ ಪುಟ್ಟಿ,

ಮಹಾಲಯ ಅಮಾವಾಸ್ಯೆ ದಿನ ನಾನು ಎಡೆ ಇಡುವ ಗಡಿಬಿಡಿಯಲ್ಲಿದ್ದಾಗ ನಿನ್ನ ಫೋನ್ ಬಂತು. ಇಲ್ಲಿ ಮಧ್ಯಾಹ್ನ, ನಿನ್ನ ಮೆಲ್ಬರ್ನ್‌ನಲ್ಲಿ ಆಗಲೇ ರಾತ್ರಿ. "ಸೋತ್ವಿ ಅಮ್ಮ. ಎಣಿಕೆ ಶುರುವಾಗಿ ಒಂದೂವರೆ ಗಂಟೆಯಲ್ಲೇ ಗೊತ್ತಾಗಿಹೋಯ್ತು" ಅಂದೆ. ಆಮೇಲೆ ಇನ್ನೊಂದು ಮಾತು ಹೇಳಿದೆ. "ಮುಂದಿನ ಸಲ ನಾವೂ ಹೆದರಿಸ್ತೀವಿ. ಒಳ್ಳೇ ಮಾತಿಗೆ ಕಾಲ ಇಲ್ಲ."

ಆ ಮಾತು ನನ್ನ ತಲೆಯಲ್ಲೇ ಕೂತುಬಿಟ್ಟಿದೆ. ದಸರಾ ಮುಗಿಯಿತು, ದೀಪಾವಳಿಯೂ ಮುಗಿಯಿತು. ಫೋನಿನಲ್ಲಿ ಹೇಳಲು ಹೋದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಟ್ರೇಲಿಯಾದ ಪೌರತ್ವ ಸಿಕ್ಕಮೇಲೆ ನೀನು ಹಾಕಿದ ಮೊದಲ ವೋಟು ಅದು, 2023ರ ಜನಮತಗಣನೆ. ಆ ನೆಲದ ಮೂಲ ಜನರು ಪಾರ್ಲಿಮೆಂಟಿಗೆ ಸಲಹೆ ಹೇಳಲು ಒಂದು ಮಂಡಳಿ ಬೇಕು, ಅದು ಸಂವಿಧಾನದಲ್ಲೇ ಇರಬೇಕು ಅಂತ ಮನೆ ಮನೆ ಸುತ್ತಿದೆ. ವರ್ಷದ ಹಿಂದಿನ ಸಮೀಕ್ಷೆಗಳಲ್ಲಿ ನಿಮ್ಮ ಕಡೆಯೇ ಜಾಸ್ತಿ ಜನ ಇದ್ದರು. ಕೊನೆಗೆ 100ಕ್ಕೆ 60 ಜನ ಬೇಡ ಅಂದರು. 6 ರಾಜ್ಯಗಳಲ್ಲಿ ಒಂದೂ ನಿಮಗೆ ಒಲಿಯಲಿಲ್ಲ. "ಗೊತ್ತಿಲ್ಲದಿದ್ದರೆ ಬೇಡ ಅನ್ನಿ." ಇಷ್ಟೇ ಅಲ್ವಾ ಅವರ ಘೋಷಣೆ? ಅದು ನಿನಗೆ ಹೊಟ್ಟೆ ಉರಿಸಿತ್ತು. ನನಗೆ ಮಾತ್ರ, ಬೇಜಾರು ಮಾಡಿಕೊಳ್ಳಬೇಡ, ಕಸುಬುದಾರರು ಬರೆದದ್ದು ಅನ್ನಿಸಿತು. ವೋಟು ಹಾಕದಿದ್ದರೆ ನಿಮ್ಮಲ್ಲಿ 20 ಡಾಲರ್ ದಂಡ. ಅಂದಮೇಲೆ ವಿಷಯ ತಲೆಗೇ ಹೋಗದವರೂ ಬೂತಿಗೆ ಬರಲೇಬೇಕು. ನಮ್ಮೂರಲ್ಲಾದರೆ ಅಂಥವರು ಮನೆಯಲ್ಲೇ ಉಳಿಯುತ್ತಿದ್ದರು. ನಿಮ್ಮಲ್ಲಿ ಅವರ ಕೈಗೂ ಪೆನ್ಸಿಲ್ ಬರುತ್ತದೆ. ಏನು ಬರೆಯಬೇಕು ಅಂತ ಆ ಘೋಷಣೆ ಅವರಿಗೆ ಹೇಳಿಕೊಟ್ಟಿತು.

ಈಗ ನನ್ನ ಕಥೆ ಕೇಳು. ಐದು ವರ್ಷದ ಹಿಂದೆ ನಾನು ಡೇರಿ ಚುನಾವಣೆ ಗೆದ್ದಾಗ ನೀನು ನನ್ನ ಫೋಟೋ ಸ್ಟೇಟಸ್ಸಿಗೆ ಹಾಕಿದ್ದೆ. ಹೇಗೆ ಗೆದ್ದೆ ಅಂತ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮಗೆ ಬೇಕಾಗಿದ್ದದ್ದು ಹಾಲು ತಂಪು ಮಾಡುವ ಬಿಎಂಸಿ. ಬೇಸಿಗೆಯಲ್ಲಿ ಸಂಜೆ ಹಾಲು ಲಾರಿ ಬರುವ ಹೊತ್ತಿಗೆ ಕೆಟ್ಟಿರುತ್ತಿತ್ತು. ಹಳೇ ಅಧ್ಯಕ್ಷೆ ಅದಕ್ಕೆ ಕಿವಿಗೊಡುತ್ತಿರಲಿಲ್ಲ. ಕಟ್ಟಡಕ್ಕೆ ಸದಸ್ಯರು ಒಂದಿಷ್ಟು ದುಡ್ಡು ಹಾಕಬೇಕಿತ್ತು, ಕೇಳಿದರೆ ಎಲ್ಲರೂ ಬೈಯುತ್ತಾರೆ ಅಂತ ಅವಳಿಗೆ ಭಯ. ಸರಿ, ನಾವೇ ನಿಲ್ಲೋಣ ಅಂತ ಹೊರಟೆವು. ಬಿಎಂಸಿ ಬಂದರೆ ಎಷ್ಟು ಲಾಭ ಅಂತ ಲೆಕ್ಕ ಹಾಕಿ ಕರಪತ್ರ ಮಾಡಿಸಿದೆವು. ನಿಮ್ಮಪ್ಪ ಎರಡು ರಾತ್ರಿ ಕೂತು ಬರೆದುಕೊಟ್ಟರು. ಒಬ್ಬರೂ ಓದಲಿಲ್ಲ. ಸಂತೆ ದಿನ ನೋಡಿದೆ, ಅದರಲ್ಲಿ ಕಡ್ಲೆಪುರಿ ಹಾಕಿಕೊಂಡು ತಿನ್ನುತ್ತಿದ್ದರು.

ಆಮೇಲೆ ನಮ್ಮ ಗುಂಪಿನಲ್ಲಿ ಯಾರೋ ಸ್ಯಾಂಪಲ್ ಹಾಲಿನ ಮಾತು ತೆಗೆದರು. ಟೆಸ್ಟಿಗೆ ಅಂತ ಪ್ರತಿಯೊಬ್ಬರ ಹಾಲಿನಲ್ಲಿ ಒಂದಿಷ್ಟು ತೆಗೆಯುತ್ತಾರಲ್ಲ, ಅದನ್ನು ಮಾರಿದ ದುಡ್ಡು ಸಂಘದ ಲೆಕ್ಕಕ್ಕೆ ಬರಬೇಕು. ಕೆಲವು ದಿನ ಬಂದಿರಲಿಲ್ಲ. ನಿಜ ಇದ್ದದ್ದು ಅಷ್ಟೇ. ಅದನ್ನು ನಾವು, ಹಾಲಿನ ಜಿಡ್ಡು ಅಳೆಯುವ "ಫ್ಯಾಟ್ ಮಿಷನ್ನಿನಲ್ಲೇ ಮೋಸ" ಅಂತ ಬೆಳೆಸಿದೆವು. ನಾನೇ ಹೇಳಿದೆ ಪುಟ್ಟಿ. ನಲ್ಲಿ ಹತ್ತಿರ ಹೇಳಿದೆ, ದೇವಸ್ಥಾನದ ಜಗಲಿಯಲ್ಲಿ ಹೇಳಿದೆ. ಕರಪತ್ರಕ್ಕೆ ಒಂದು ವಾರ ಆದರೂ ಕಾಲು ಬಂದಿರಲಿಲ್ಲ. ಇದು ಒಂದೇ ಸಂಜೆಯಲ್ಲಿ ಊರೆಲ್ಲ ಸುತ್ತಿ ನನ್ನ ಹತ್ತಿರಕ್ಕೇ ವಾಪಸ್ ಬಂತು, ಇನ್ನೂ ಎರಡು ಸುಳ್ಳು ಸೇರಿಸಿಕೊಂಡು. 13ರಲ್ಲಿ 9 ಸ್ಥಾನ ನಮಗೆ.

ಗೆದ್ದ ಮೊದಲ ವಾರವೇ ಮಿಷನ್ ಪರೀಕ್ಷೆ ಮಾಡಿಸಿದೆವು. ಸರಿಯಾಗೇ ಇತ್ತು. ಹಾಗಂತ ಹೇಳಿದೆವು. ಯಾರು ನಂಬುತ್ತಾರೆ? ಒಬ್ಬಳಿಗೆ ಒಂದು ದಿನ ಹಾಲಿನ ಗುಣಮಟ್ಟದ ಡಿಗ್ರಿ ಕಡಿಮೆ ಬಂತು. "ಓಹೋ, ನೀವೂ ಶುರು ಮಾಡ್ಕೊಂಡ್ರಾ?" ಅಂದಳು. ಬಟವಾಡೆ ದಿನ ಬಂದರೆ ನನಗೆ ಜ್ವರ ಬಂದಹಾಗೆ ಆಗುತ್ತಿತ್ತು. ಹೊತ್ತಿಗೆ 400 ಲೀಟರ್ ಬರುತ್ತಿದ್ದ ಹಾಲು ನಾಲ್ಕು ತಿಂಗಳಲ್ಲಿ 250ಕ್ಕೆ ಇಳಿಯಿತು. ಬಿಎಂಸಿಗೆ ದುಡ್ಡು ಕೇಳಲು ಹೋದಾಗ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರು.

ಅದೇ ಹೊತ್ತಿಗೆ ಒಬ್ಬ ಖಾಸಗಿಯವನು ಬೈಕಿಗೆ ಎರಡು ಕ್ಯಾನ್ ಕಟ್ಟಿಕೊಂಡು ಊರ ಬಾಗಿಲಿಗೆ ಬಂದ. ರೇಟು ನಮಗಿಂತ ಕಡಿಮೆ. ಆದರೆ ಕೈಯಲ್ಲಿ ಕಾಸು. ಅವನು ಹೊಸದಾಗಿ ಏನೂ ಹೇಳಬೇಕಾಗಿರಲಿಲ್ಲ. ನಾನು ಹೇಳಿದ್ದನ್ನೇ ಇನ್ನೊಂದು ಸಲ ಹೇಳಿದ, ಸಾಕಾಯಿತು.

ಇದನ್ನು ನಾನು ಎಷ್ಟೋ ರಾತ್ರಿ ಯೋಚನೆ ಮಾಡಿದ್ದೇನೆ. ಮಾತು ಒಂದೇ. "ಡೇರಿಯವರು ಮೋಸ ಮಾಡ್ತಾರೆ." ನಾನು ಹೇಳಿದಾಗ ನನ್ನ ಕಾಲಿಗೇ ಕೊಡಲಿ ಬಿತ್ತು, ಅವನು ಹೇಳಿದಾಗ ಅವನ ಕ್ಯಾನ್ ತುಂಬಿತು. ಯಾಕೆ ಅಂದರೆ ಅವನನ್ನು ಯಾರೂ ನಂಬಬೇಕಾಗಿರಲಿಲ್ಲ, ಬೆಳಗ್ಗೆ ಹಾಲು, ಬೆಳಗ್ಗೆಯೇ ದುಡ್ಡು. ನಮ್ಮದು ಹಾಗಲ್ಲ. ಇವತ್ತು ಹಾಲು ಹಾಕಿ ವಾರ ಕಾಯಬೇಕು, ಬೋನಸ್ಸಿಗೆ ವರ್ಷ ಕಾಯಬೇಕು, ಪಕ್ಕದ ಮನೆಯವಳು ನೀರು ಬೆರೆಸಿಲ್ಲ ಅಂತ ನಂಬಬೇಕು. ಅನುಮಾನ ಜಾಸ್ತಿಯಾದಷ್ಟೂ ಅವನ ವ್ಯಾಪಾರ ಬೆಳೆಯುತ್ತದೆ, ನಮ್ಮದು ಮುಳುಗುತ್ತದೆ. ಚುನಾವಣೆ ಯಾರೇ ಗೆಲ್ಲಲಿ.

ಹಳೇ ಅಧ್ಯಕ್ಷೆ ಹತ್ತಿರ ಹೋಗಿ ಸಹಾಯ ಕೇಳಿದೆ. ಅವಳು ರಾಗಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ. "ಹುಳಿ ಹಿಂಡಿದ್ದು ನೀನೇ ತಾನೆ? ಹೋಗು, ಪನೀರ್ ಮಾಡಿ ಮಾರು" ಅಂದಳು. ಅವಮಾನ ಆಯಿತು, ಆದರೆ ನಗುವೂ ಬಂತು. ಅವಳು ಬರಲು ಎಂಟು ತಿಂಗಳು ಹಿಡಿಯಿತು. ಆ ಕಥೆ ಮುಂದೆ ಹೇಳುತ್ತೇನೆ.

ನೀನು ಹೇಳಬಹುದು, ಇದು ಡೇರಿ, ದೇಶದ ರಾಜಕೀಯ ಬೇರೆ ಅಂತ. ನಾನು ರಾಜ್ಯಶಾಸ್ತ್ರದಲ್ಲಿ ಬಿ.ಎ. ಮಾಡಿದವಳು ಅನ್ನೋದು ಮರೆತೆಯಾ? 1971ರಲ್ಲಿ ಎದುರಿನ ಹಲವು ಪಕ್ಷಗಳು ಒಂದಾಗಿ "ಇಂದಿರಾ ಹಠಾವೋ" ಅಂದವು. ಆಕೆ "ಗರೀಬಿ ಹಠಾವೋ" ಅಂದರು. 352 ಸೀಟು ಬಂತು. ನಮ್ಮ ರಾಜ್ಯದ 27ಕ್ಕೆ 27ನ್ನೂ ಗೆದ್ದರು, ನಿಜಲಿಂಗಪ್ಪನವರಂಥ ದೊಡ್ಡವರು ಎದುರಿಗಿದ್ದರೂ. ಆರು ವರ್ಷ ಕಳೆದು, ತುರ್ತು ಪರಿಸ್ಥಿತಿ ಆದಮೇಲೆ, 1977ರಲ್ಲಿ ಅದೇ ಕೂಗು ಉತ್ತರ ಭಾರತದಲ್ಲಿ ಆಕೆಯ ಪಕ್ಷವನ್ನು ಗುಡಿಸಿ ಹಾಕಿತು. ಅಲ್ಲಿ ಜನ ಬಲವಂತದ ಸಂತಾನಹರಣ ಆಪರೇಷನ್ನನ್ನು ಮನೆಯೊಳಗೇ ಕಂಡಿದ್ದರು. ಘೋಷಣೆ ಅವರಿಗೆ ಹೊಸ ಸುದ್ದಿ ಹೇಳಲಿಲ್ಲ, ಅವರು ಕಂಡದ್ದಕ್ಕೆ ಬಾಯಿ ಕೊಟ್ಟಿತು. ಇಲ್ಲಿ ದೇವರಾಜ ಅರಸರ ಭೂಸುಧಾರಣೆ ನಡೆಯುತ್ತಿತ್ತು, ಗೇಣಿ ಮಾಡುವವನಿಗೆ ಹೊಲ ಸಿಗುತ್ತಿತ್ತು. ಕರ್ನಾಟಕದಲ್ಲಿ 28ರಲ್ಲಿ 26 ಮತ್ತೆ ಕಾಂಗ್ರೆಸ್ಸಿಗೇ.

ಆಮೇಲೆ ಜನತಾ ಪಕ್ಷದವರು ಏನಾದರು ನೋಡು. ಒಬ್ಬರನ್ನು ಇಳಿಸಲು ಒಂದಾಗಿದ್ದವರು. ಇಳಿಸಿಯಾಯಿತು. ಎರಡೂಕಾಲು ವರ್ಷದಲ್ಲಿ ಮೊರಾರ್ಜಿ ಸರ್ಕಾರ ಬಿತ್ತು, 1980ರಲ್ಲಿ ಆಕೆ ಮತ್ತೆ ಬಂದರು.

ಮೊನ್ನೆಮೊನ್ನೆಯದೂ ಹೇಳುತ್ತೇನೆ. 2019ರಲ್ಲಿ ಕಾಂಗ್ರೆಸ್ "ಚೌಕಿದಾರ್ ಚೋರ್ ಹೈ" ಅಂತ ಎಷ್ಟು ಕೂಗಿದರೂ 52 ಸೀಟಿಗೆ ನಿಂತಿತು. ಆ ಬೈಗುಳದ "ಚೌಕಿದಾರ್" ಅನ್ನೇ ಎದುರಿನ ಬಿಜೆಪಿಯವರು ಹೆಸರಿನ ಮುಂದೆ ಪದವಿ ಥರ ಹಾಕಿಕೊಂಡರು. ಅದೇ ಕಾಂಗ್ರೆಸ್ 2022ರಲ್ಲಿ ಬೆಂಗಳೂರಿನ ಗೋಡೆಗೆ "ಪೇಸಿಎಂ" ಅಂತ ಮುಖ್ಯಮಂತ್ರಿ ಮುಖದ ಕ್ಯೂಆರ್ ಕೋಡ್ ಅಂಟಿಸಿದಾಗ ಅದು ಹತ್ತಿತು. 40 ಪರ್ಸೆಂಟ್ ಕಮಿಷನ್ ಅನ್ನೋ ಆರೋಪವನ್ನು ಮೊದಲು ಮಾಡಿದ್ದು ಗುತ್ತಿಗೆದಾರರ ಸಂಘ. ಬಿಜೆಪಿಯವರು ಸುಳ್ಳು ಅಂದರು. ಆದರೆ ಕಚೇರಿಯಲ್ಲಿ ಫೈಲು ಮುಂದೆ ಹೋಗಲು ದುಡ್ಡು ಕೊಟ್ಟು ಬಂದವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಷ್ಟಕ್ಕೇ ನಿಲ್ಲಲೂ ಇಲ್ಲ, ಗ್ಯಾರಂಟಿ ಕಾರ್ಡು ಮನೆ ಮನೆಗೆ ಬಂತು. ನಮ್ಮ ಬೀದಿಯ ಹೆಂಗಸರು ಪೋಸ್ಟರ್ ನೋಡಿ ನಕ್ಕರು. ಕಾರ್ಡನ್ನು ಮಾತ್ರ ದೇವರ ಫೋಟೋ ಹಿಂದೆ ಜೋಪಾನ ಮಾಡಿದರು. 2023ರಲ್ಲಿ 224ಕ್ಕೆ 135 ಸೀಟು ಬಂದದ್ದು ಯಾವುದರಿಂದ ಅಂತ ಪಂಡಿತರು ಜಗಳಾಡಲಿ.

ಬೇಡ ಅನ್ನುವುದು ಯಾವಾಗಲೂ ತಪ್ಪು ಅಂತ ಹೇಳುತ್ತಿಲ್ಲ. ನಿಲ್ಲಿಸುವುದೇ ಕೆಲಸವಾಗಿದ್ದರೆ ಅದಕ್ಕಿಂತ ಒಳ್ಳೆ ಆಯುಧ ಇಲ್ಲ. ಸಾರಾಯಿ ಅಂಗಡಿ ಮುಂದೆ ಹೆಂಗಸರು ಕೂತರಲ್ಲ, ಅವರು ಯಾರಿಗೂ ಯೋಜನೆ ವಿವರಿಸಬೇಕಿರಲಿಲ್ಲ. ಮುಚ್ಚಿ ಅಂದರೆ ಸಾಕಿತ್ತು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಕುಡಿಯುವವರು ಅಗ್ಗದ ವಿಸ್ಕಿಗೆ ಹೋದರು ಅನ್ನೋದು ಬೇರೆ ಮಾತು. ಕುಡಿತ ಬಿಡಿಸುವುದು "ಬೇಡ"ದಿಂದ ಆಗುವ ಕೆಲಸ ಅಲ್ಲವಲ್ಲ.

ನಿಮ್ಮದಕ್ಕೆ ಬರೋಣ. ಅಲ್ಲಿ ಬೇಡ ಅಂದವರು ತಮ್ಮೊಳಗೆ ಒಪ್ಪಂದ ಮಾಡಿಕೊಳ್ಳಬೇಕಾಗಿರಲಿಲ್ಲ. ಇದು ಅತಿಯಾಯಿತು ಅನ್ನುವವನೂ ಬೇಡ ಅಂದ, ಇದು ಸಾಲದು, ಮೊದಲು ಸರ್ಕಾರದ ಜೊತೆ ಒಪ್ಪಂದಪತ್ರ ಆಗಲಿ ಅನ್ನುವ ಮೂಲ ಜನರಲ್ಲೇ ಕೆಲವರೂ ಬೇಡ ಅಂದರು. ಇಬ್ಬರ ವೋಟೂ ಒಂದೇ ರಾಶಿಗೆ. 1999ರಲ್ಲಿ ಗಣರಾಜ್ಯದ ಪ್ರಶ್ನೆಗೂ ನಿಮ್ಮಲ್ಲಿ ಹೀಗೇ ಆಗಿತ್ತು. ಇಂಗ್ಲೆಂಡಿನ ರಾಣಿಯೇ ಇರಲಿ ಅನ್ನುವವರೂ, ಅಧ್ಯಕ್ಷರನ್ನು ಜನರೇ ಆರಿಸಬೇಕು ಅನ್ನುವವರೂ ಕೂಡಿ ಸೋಲಿಸಿದರು. ಹೌದು ಅನ್ನುವವರಿಗೆ ಆ ಸೌಲಭ್ಯ ಇಲ್ಲ. ಎಲ್ಲರೂ ಒಂದೇ ವಾಕ್ಯಕ್ಕೆ ಒಪ್ಪಬೇಕು. ಅದಕ್ಕೇ ಇರಬೇಕು, ನಿಮ್ಮ ದೇಶದಲ್ಲಿ ಈವರೆಗೆ 45 ಪ್ರಶ್ನೆ ಕೇಳಿ 8 ಮಾತ್ರ ಪಾಸಾಗಿರುವುದು.

ಈಗ ನೀನು ಹೆದರಿಸಲು ಹೊರಟೆ ಅಂದುಕೋ. ಏನಂತ ಹೆದರಿಸುತ್ತೀಯ? ಮಂತ್ರಿಗಳು ಮೋಸಗಾರರು, ಪಾರ್ಲಿಮೆಂಟ್ ಯಾರ ಮಾತೂ ಕೇಳಲ್ಲ ಅಂತ? ಹಾಗಿದ್ದರೆ ಅಂಥವರ ಕೈಗೆ ಇನ್ನೊಂದು ಮಂಡಳಿ ಯಾಕೆ ಕೊಡಬೇಕು ಅಂತ ಜನ ಕೇಳುತ್ತಾರೆ. ಹೆದರಿದವರು ಇರೋದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ನೀನು ಕೇಳುತ್ತಿರುವುದು ಕೈ ಬಿಚ್ಚಿ ಅಂತ. ಬೈಕಿನವನ ಮಾತನ್ನು ನೀನು ಆಡಿದರೆ ಹಾಲು ಹೋಗಿ ಬೀಳುವುದು ಅವನ ಕ್ಯಾನಿಗೇ.

ಇಂಟರ್ನೆಟ್‌ನಲ್ಲಿ ಓದುತ್ತಾ ಒಂದು ವಿಷಯ ಸಿಕ್ಕಿತು, ನಿನಗೂ ಗೊತ್ತಿರಬಹುದು. 1967ರಲ್ಲಿ ಮೂಲ ಜನರನ್ನು ಜನಸಂಖ್ಯೆ ಲೆಕ್ಕಕ್ಕೆ ಸೇರಿಸುವ ಪ್ರಶ್ನೆಗೆ 90 ಪರ್ಸೆಂಟಿಗೂ ಜಾಸ್ತಿ ಜನ ಹೌದು ಅಂದರಂತೆ. ಸರ್ಕಾರ ಮನೆ ಮನೆಗೆ ಕಳಿಸುವ ಪುಸ್ತಕದಲ್ಲಿ ಆ ಪ್ರಶ್ನೆಗೆ "ಬೇಡ" ಅನ್ನೋ ವಾದವೇ ಇರಲಿಲ್ಲ. ಪಾರ್ಲಿಮೆಂಟಿನಲ್ಲಿ ಒಬ್ಬರೂ ವಿರೋಧವಾಗಿ ವೋಟು ಹಾಕಿರಲಿಲ್ಲ, ಬರೆಯಲು ಜನವೇ ಇಲ್ಲ. ಆಗಿನವರು ಈಗಿನವರಿಗಿಂತ ಒಳ್ಳೆಯವರಾಗಿದ್ದರು ಅಂತ ನಾನು ನಂಬುವುದಿಲ್ಲ. ಮತದಾನದ ದಿನಕ್ಕೆ ಮುಂಚೆಯೇ ಯಾರೋ ಎದುರಿನವರ ಮನೆಗೆ ಹೋಗಿ ಬಂದಿದ್ದರು, ವರ್ಷಗಟ್ಟಲೆ.

ನಮ್ಮ ಹಳೇ ಅಧ್ಯಕ್ಷೆಯದೂ ಹಾಗೇ ಆಯಿತು. ಎಂಟು ತಿಂಗಳು ನಾನು ಅವಳ ಮನೆಗೆ ಹೋಗುತ್ತಿದ್ದೆ. ಡೇರಿ ಮಾತು ಎತ್ತುತ್ತಿರಲಿಲ್ಲ. ಅವಳ ಹಸುವಿಗೆ ಕೆಚ್ಚಲು ಬಾವು ಬಂದಾಗ ಡಾಕ್ಟರನ್ನು ಕರೆತಂದೆ. ಒಂದು ದಿನ ಮಾಸಿಕ ಸಭೆಯಲ್ಲಿ ಎಲ್ಲರ ಮುಂದೆ ಹೇಳಿದೆ, ಸ್ಯಾಂಪಲ್ ಹಾಲಿನ ಲೆಕ್ಕ ಬಿಟ್ಟರೆ ಮಿಕ್ಕಿದ್ದೆಲ್ಲ ನಾನು ಕಟ್ಟಿದ್ದು ಅಂತ. ಸಭೆ ಗಪ್‌ಚುಪ್. ಮಾರನೇ ದಿನ ಸಂಜೆ ಅವಳು ಬಂದು ಟೆಸ್ಟರ್ ಪಕ್ಕ ನಿಂತಳು. ಟೇಬಲ್ಲನ್ನು ಒಳಗಿನಿಂದ ಜಗಲಿಗೆ ತಂದೆವು. ದಿನಕ್ಕೊಬ್ಬ ಸದಸ್ಯೆ ನಿಂತು ಡಿಗ್ರಿ ಓದಿ ಗಟ್ಟಿಯಾಗಿ ಹೇಳುವುದು ಅಂತ ಆಯಿತು. ಬಿಎಂಸಿ ಇನ್ನೂ ಬಂದಿಲ್ಲ ಕಣೇ. ಹಾಲು ಮಾತ್ರ 370ಕ್ಕೆ ಬಂದಿದೆ, ಈ ಬರದಲ್ಲೂ, ಮೇವಿಗೆ ಒದ್ದಾಡುತ್ತಲೇ.

ನಿನ್ನ ರಸ್ತೆಯ ಕೊನೆ ಮನೆ ಅಜ್ಜಿ ಬಗ್ಗೆ ಹೇಳಿದ್ದೆಯಲ್ಲ, ಟೀ ಕೊಟ್ಟು "ನನಗೆ ಗೊತ್ತಾಗಲ್ಲಮ್ಮ, ಅದಕ್ಕೇ ಬೇಡ" ಅಂದವಳು. ನೀನು ಕರಪತ್ರ ಕೊಟ್ಟು ಎದ್ದು ಬಂದೆ. ಅವಳ ಮನೆಗೆ ಒಂದು ಸಲ ಸುಮ್ನೆ ಹೋಗಿ ಬಾ. ಹಾಲಿನದು ಏನೂ ಕಳಿಸಬೇಡ ಅಂದಿದ್ದೆ, ಅದಕ್ಕೇ ಕೋಡುಬಳೆ ಕಳಿಸಿದ್ದೇನೆ. ಖಾರ ಸ್ವಲ್ಪ ಜಾಸ್ತಿ ಆಗಿದೆ, ಮೊದಲೇ ಹೇಳಿ ಕೊಡು.

ಗಂಟೆ ಐದೂವರೆ. ಇವತ್ತು ಡಿಗ್ರಿ ಓದುವ ಸರದಿ ನನ್ನದು. ಕನ್ನಡಕ ಎಲ್ಲಿಟ್ಟೆನೋ, ನಿಮ್ಮಪ್ಪ ಹುಡುಕುತ್ತಿದ್ದಾರೆ.

ನಿನ್ನ
ಅಮ್ಮ